ಅಮೆರಿಕದವರ ಮೇಲಿನ ಜೋಕುಗಳು ಮತ್ತು ನನ್ನ ಪೌರತ್ವದ ಅರ್ಜಿ

ಹೋದ ವಾರ ನನ್ನ ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಗಳಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡ್) ಅಂಚೆಯಲ್ಲಿ ಬಂತು. ಅಲ್ಲಿಗೆ ಅಮೆರಿಕದ ಪೌರತ್ವದ ಓಡಾಟ ಪೂರ್ತಿ ಮುಗಿಯಿತು. ನಾನು ಹಾಸನದ ಕಡೆಯವಳು. ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ಅರ್ಜಿ ಹಾಕುವ ಮುಂಚೆ, ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ವಿವರವಾಗಿ ಬರೆದಿದ್ದಾರಾ ಎಂದು ತುಂಬಾ ಹುಡುಕಿದ್ದೆ. ಸಿಕ್ಕಿದ್ದು ಕಡಿಮೆ. ಮುಂದೆ ಅರ್ಜಿ ಹಾಕುವವರಿಗೆ ಸಹಾಯವಾಗಲಿ ಎಂದು ಬರೆಯುತ್ತಿದ್ದೇನೆ.

ಕಾಗದಪತ್ರದ ವಿಷಯ, ದುಡ್ಡಿನ ಲೆಕ್ಕ ಎಲ್ಲ ಇದರಲ್ಲಿದೆ. ಅದರ ಜೊತೆ ಅಮೆರಿಕದವರ ಬಗ್ಗೆ ನಾವೆಲ್ಲ ಹೇಳಿಕೊಂಡು ನಗುವ ಜೋಕುಗಳೂ ಬರುತ್ತವೆ. ಅವುಗಳನ್ನು ಬಿಟ್ಟು ಈ ಕಥೆ ಹೇಳಲು ನನಗಾಗುವುದಿಲ್ಲ. ಅರ್ಜಿಯಲ್ಲಿದ್ದ ಒಂದು ಪ್ರಶ್ನೆಗೆ ಏನು ಉತ್ತರ ಕೊಡಬೇಕು ಎಂದು ನಾನು ತೀರ್ಮಾನ ಮಾಡಿದ್ದೇ ಅಂಥ ಒಂದು ಜೋಕಿನಿಂದ.

ಮೊದಲು ಅರ್ಹತೆ. ಗ್ರೀನ್ ಕಾರ್ಡ್, ಅಂದರೆ ಅಮೆರಿಕದಲ್ಲಿ ಕಾಯಂ ಆಗಿ ಇರಲು ಕೊಡುವ ಪರವಾನಗಿ, ಸಿಕ್ಕಿ ಐದು ವರ್ಷ ಆಗಿರಬೇಕು. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಜೊತೆಯಲ್ಲೇ ಇದ್ದರೆ ಮೂರು ವರ್ಷ ಸಾಕು. ಅವಧಿ ಮುಗಿಯುವುದಕ್ಕೆ 90 ದಿನ ಇರುವಾಗಲೇ ಅರ್ಜಿ ಕಳಿಸಬಹುದು. ಆ ಐದು ವರ್ಷದಲ್ಲಿ ಕನಿಷ್ಠ 30 ತಿಂಗಳು ಇಲ್ಲೇ ಇದ್ದಿರಬೇಕು. ಒಂದೇ ಸಲ ಆರು ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ಕಷ್ಟ. ಅಪ್ಪ ಅಮ್ಮನ ಆರೋಗ್ಯ ನೋಡಿಕೊಳ್ಳಲು ಊರಿಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಸಿಗುವ ಮುಂಚಿನ ಕಾಯುವಿಕೆಯ ಕಥೆಯೇ ಬೇರೆ. 1990ರ ಕಾನೂನಿನ ಪ್ರಕಾರ, ಕೆಲಸದ ಅಥವಾ ಕುಟುಂಬದ ಆಧಾರದಲ್ಲಿ ವರ್ಷಕ್ಕೆ ಇಷ್ಟೇ ಎಂದು ಮಿತಿ ಇಟ್ಟು ಕೊಡುವ ಗ್ರೀನ್ ಕಾರ್ಡುಗಳಲ್ಲಿ ಯಾವ ಒಂದು ದೇಶದವರಿಗೂ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಜಾಸ್ತಿ ಸಿಗುವುದಿಲ್ಲ. ನಮ್ಮವರ ಸಾಲು ಎಷ್ಟು ಉದ್ದ ಎಂದು ಆ ಸಾಲಿನಲ್ಲಿ ನಿಂತವರಿಗೆ ಗೊತ್ತು.

ಪೌರತ್ವದ ಅರ್ಜಿಯ ಹೆಸರು ಎನ್-400. ಆನ್‌ಲೈನ್‌ನಲ್ಲಿ ಹಾಕಿದರೆ 710 ಡಾಲರ್, ಕಾಗದದಲ್ಲಿ ಕಳಿಸಿದರೆ 760. ಲಾಯರ್ ಬೇಕೇಬೇಕು ಎಂದೇನಿಲ್ಲ. ಕೋರ್ಟು ಕೇಸು ಅಂತ ಏನೂ ಇಲ್ಲದಿದ್ದರೆ ನೀವೇ ತುಂಬಬಹುದು. ನಾನೇ ತುಂಬಿದೆ. ಆದರೆ ನಿಧಾನವಾಗಿ ತುಂಬಿ. ತಾರೀಖು ಬರೆಯುವಾಗ ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಐದನೇ ತಾರೀಖು ಏಪ್ರಿಲ್ ಎಂದು ನಮ್ಮ ಅಭ್ಯಾಸದಂತೆ ಬರೆದರೆ ಅದು ಮೇ ನಾಲ್ಕು ಆಗಿಬಿಡುತ್ತದೆ. ಇಡೀ ಪ್ರಪಂಚ ಒಂದು ಲೆಕ್ಕ ಇಟ್ಟುಕೊಂಡರೆ ಅಮೆರಿಕದವರದ್ದು ಇನ್ನೊಂದು ಎನ್ನುವ ಜೋಕು ಇದೆಯಲ್ಲ, ಮೈಲಿ, ಪೌಂಡು, ಫ್ಯಾರನ್‌ಹೀಟ್ ಎಲ್ಲ ಸೇರಿಸಿ ಹೇಳುವುದು, ಅದು ನಿಜವೇ. 1975ರಲ್ಲೇ ಮೆಟ್ರಿಕ್ ಪದ್ಧತಿಗೆ ಬದಲಾಗಲು ಕಾನೂನು ಮಾಡಿದ್ದರು. ಅದರಲ್ಲಿ ಕಡ್ಡಾಯ ಎನ್ನುವ ಮಾತು ಇರಲಿಲ್ಲ. ಕಡ್ಡಾಯ ಅಲ್ಲದ್ದನ್ನು ಮಾಡುವಂತೆ ಇಲ್ಲಿಯ ಜನರನ್ನು ಒಪ್ಪಿಸುವುದು ಸುಲಭ ಅಲ್ಲ.

ಅರ್ಜಿಯಲ್ಲಿ ಜನಾಂಗ ಯಾವುದು ಎಂದು ಕೇಳುವ ಜಾಗ ಇದೆ. ಅಲ್ಲಿ ‘ಅಮೆರಿಕನ್ ಇಂಡಿಯನ್’ ಎನ್ನುವ ಚೌಕ ಕಾಣುತ್ತದೆ. ಅದು ಇಲ್ಲಿಯ ಮೂಲನಿವಾಸಿಗಳಿಗೆ ಇರುವುದು. ನಾವು ‘ಏಷ್ಯನ್’ ಎಂದು ಗುರುತು ಹಾಕಬೇಕು. ಅವಸರದಲ್ಲಿ ‘ಇಂಡಿಯನ್’ ಎಂದು ಕಂಡಕೂಡಲೇ ಗುರುತು ಹಾಕಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ಐದು ವರ್ಷದಲ್ಲಿ ದೇಶದ ಹೊರಗೆ ಹೋಗಿಬಂದ ಪ್ರತಿ ಪ್ರಯಾಣದ ತಾರೀಖೂ ಬೇಕು. ಪಾಸ್‌ಪೋರ್ಟಿನಲ್ಲಿ ಈಗ ಎಲ್ಲ ಸಲ ಮುದ್ರೆ ಹಾಕುವುದಿಲ್ಲ. ನಾನು ಹಳೆಯ ಇಮೇಲಿನಲ್ಲಿ ವಿಮಾನದ ಟಿಕೆಟ್‌ಗಳನ್ನು ಹುಡುಕಿ ಹೊಂದಿಸಿಕೊಂಡೆ. ಟ್ರಾಫಿಕ್ ದಂಡ ಕಟ್ಟಿದ್ದರೂ ಮುಚ್ಚಿಡಬೇಡಿ, ಬರೆಯಿರಿ. ಆಮೇಲೆ ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆಗಳ ದೊಡ್ಡ ಪಟ್ಟಿ ಬರುತ್ತದೆ. ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ? ಯಾರಿಗಾದರೂ ಚಿತ್ರಹಿಂಸೆ ಕೊಟ್ಟಿದ್ದೀರಾ? ಒಂದೇ ಸಮಯದಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಮದುವೆ ಆಗಿದ್ದಿರಾ? ಇವುಗಳ ನಡುವೆ ನನಗೆ ತುಂಬಾ ಹಿಡಿಸಿದ್ದು ಒಂದು: ನಿಮಗೆ ಯಾವುದಾದರೂ ದೇಶದಲ್ಲಿ ವಂಶದಿಂದ ಬಂದ ಬಿರುದು ಇದೆಯಾ? ಇದ್ದರೆ ಅದನ್ನು ಬಿಡಬೇಕು. ಬಾಸ್‌ನನ್ನೂ ಮೊದಲ ಹೆಸರು ಹಿಡಿದು ಕರೆಯುತ್ತಾರೆ, ಇವರಿಗೆ ದೊಡ್ಡವರು ಚಿಕ್ಕವರು ಎನ್ನುವುದೇ ಇಲ್ಲ ಎಂದು ನಾವು ಹೇಳುತ್ತೇವೆ. ಆ ಗುಣ ಇವರಿಗೆ ಸುಮ್ನೆ ಬಂದದ್ದಲ್ಲ. ಸರ್ಕಾರ ಯಾರಿಗೂ ಅಂಥ ಬಿರುದು ಕೊಡಬಾರದು ಎಂದು ಇವರ ಸಂವಿಧಾನದಲ್ಲೇ ಬರೆದಿದೆ.

ಈಗ ಹೆಸರಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಡೆಯ ತುಂಬಾ ಜನರ ಹಾಗೆ ನನಗೂ ಮನೆತನದ ಹೆಸರು ಅಂತ ಇಲ್ಲ. ಊರು ಮತ್ತು ಅಪ್ಪನ ಹೆಸರಿನ ಇನಿಶಿಯಲ್ಲು, ಆಮೇಲೆ ನನ್ನ ಹೆಸರು, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಟ್ಟು ಹೆಸರು ಮಾತ್ರ ಬಂತು, ಸರ್‌ನೇಮ್ ಜಾಗ ಖಾಲಿ ಉಳಿಯಿತು. ಹಾಗಿದ್ದಾಗ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡುತ್ತಾರೆ. ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿಂದ ಅದು ಬ್ಯಾಂಕಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಮಗಳ ಶಾಲೆಯ ಕಾಗದಕ್ಕೆ ಎಲ್ಲ ಕಡೆ ಹಬ್ಬಿತು. ಒಂದು ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಲ್ಲಿ ನಿಂತು “ಫ್ನೂ” ಎಂದು ಕರೆದರು. ಆ ಪದ ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಇರುವಾಗ ಹೆಸರೇ ಗೊತ್ತಿಲ್ಲದವಳು ಎಂದು ಯಾಕೆ ಕರೆಸಿಕೊಳ್ಳಬೇಕು?

ಎನ್-400ರಲ್ಲಿ ಹೆಸರು ಬದಲಾಯಿಸಿಕೊಳ್ಳಬಹುದು. ಅದಕ್ಕೆ ಬೇರೆ ಶುಲ್ಕ ಇಲ್ಲ. ಬೇರೆ ಸಮಯದಲ್ಲಾದರೆ ಕೋರ್ಟಿಗೆ ಅರ್ಜಿ ಹಾಕಿ ದುಡ್ಡು ಕಟ್ಟಬೇಕು. ಈ ಅವಕಾಶ ಬಿಡಬೇಡಿ. ಒಂದು ಮಾತು ಮಾತ್ರ ನೆನಪಿರಲಿ. ಹೆಸರು ಬದಲಾಯಿಸಿದರೆ, ಕೊನೆಯಲ್ಲಿ ಪ್ರಜೆಯಾಗುವಾಗ ಮಾಡುವ ಪ್ರಮಾಣವಚನ ನ್ಯಾಯಾಧೀಶರ ಮುಂದೆಯೇ ಆಗಬೇಕು. ನನಗೆ ಹೇಗೂ ಫೆಡರಲ್ ಕೋರ್ಟಿನಲ್ಲೇ ಇತ್ತು. ವಲಸೆ ಕಚೇರಿಯಲ್ಲೇ ಪ್ರಮಾಣವಚನ ನಡೆಯುವ ಊರುಗಳಲ್ಲಿ ಇದರಿಂದ ಸ್ವಲ್ಪ ತಡ ಆಗಬಹುದು.

ಏನೆಂದು ಬದಲಾಯಿಸುವುದು ಎನ್ನುವುದೇ ತಲೆನೋವಾಯಿತು. ನನ್ನ ಹೆಸರು ಉದ್ದ. ಇಲ್ಲಿ ಯಾರ ಬಾಯಲ್ಲೂ ಸರಿಯಾಗಿ ಹೊರಳುವುದಿಲ್ಲ. ಇಂಗ್ಲಿಷಿನವರ ತರಹದ ಪುಟ್ಟ ಹೆಸರು ಇಟ್ಟುಕೊಂಡುಬಿಡು, ಆರಾಮಾಗಿರುತ್ತದೆ ಎಂದು ಒಬ್ಬಿಬ್ಬರು ಗೆಳತಿಯರು ಹೇಳಿದರು. ನನಗೂ ಅರ್ಧ ಮನಸ್ಸಾಗಿತ್ತು. ಅದೇ ವಾರ ಆಫೀಸಿನ ಊಟದ ಮೇಜಿನಲ್ಲಿ ಒಬ್ಬರು ಹಳೆಯ ಜೋಕು ಹೇಳಿದರು. ಮೂರು ಭಾಷೆ ಬಲ್ಲವನನ್ನು ತ್ರಿಭಾಷಿ ಎನ್ನುತ್ತಾರೆ. ಎರಡು ಬಲ್ಲವನನ್ನು ದ್ವಿಭಾಷಿ ಎನ್ನುತ್ತಾರೆ. ಒಂದೇ ಭಾಷೆ ಬಲ್ಲವನನ್ನು ಏನೆನ್ನುತ್ತಾರೆ? ಅಮೆರಿಕನ್!

ಎಲ್ಲರೂ ನಕ್ಕರು. ಹೇಳಿದವರೂ ಅಮೆರಿಕದವರೇ, ನಕ್ಕವರೂ ಅವರೇ. ಇದು ಈ ದೇಶದವರಲ್ಲಿ ನನಗೆ ಇಷ್ಟವಾದ ಗುಣ. ತಮ್ಮ ಮೇಲಿನ ಜೋಕನ್ನು ಎಲ್ಲರಿಗಿಂತ ಮೊದಲು ತಾವೇ ಹೇಳುತ್ತಾರೆ. ಇದು ಇವತ್ತಿನ ಅಭ್ಯಾಸವೂ ಅಲ್ಲ. ‘ಯಾಂಕೀ ಡೂಡಲ್’ ಎನ್ನುವ ಹಾಡನ್ನು ಹಾಡಿ ಬ್ರಿಟಿಷ್ ಸಿಪಾಯಿಗಳು ಇಲ್ಲಿಯವರನ್ನು ಹಳ್ಳಿ ಗಮಾರರು ಎಂದು ಆಡಿಕೊಳ್ಳುತ್ತಿದ್ದರು. ಇಲ್ಲಿಯವರು ಅದನ್ನೇ ಎತ್ತಿಕೊಂಡು ತಮ್ಮ ಹಾಡು ಮಾಡಿಕೊಂಡರು. 1978ರಲ್ಲಿ ಕನೆಕ್ಟಿಕಟ್ ರಾಜ್ಯ ಅದನ್ನು ತನ್ನ ರಾಜ್ಯಗೀತೆ ಎಂದೇ ಘೋಷಿಸಿತು.

ಆವತ್ತು ನಮ್ಮ ತಂಡದ ಹಿರಿಯರೊಬ್ಬರು ಮಾತ್ರ ನಗು ಮುಗಿದ ಮೇಲೆ ನನ್ನ ಪಕ್ಕಕ್ಕೆ ಬಂದು ಕೂತರು. ಅವರ ಮುತ್ತಜ್ಜ ಜರ್ಮನಿಯಿಂದ ಬಂದವರಂತೆ. ಮನೆಯಲ್ಲಿ ಜರ್ಮನ್ ಮಾತು, ಚರ್ಚಿನಲ್ಲಿ ಜರ್ಮನ್ ಪ್ರಾರ್ಥನೆ. ಮೊದಲನೇ ಮಹಾಯುದ್ಧ ಬಂದಾಗ ಜರ್ಮನ್ನರ ಮೇಲೆ ಎಲ್ಲ ಕಡೆ ಹಂಗಿಸುವ ಮಾತು ಶುರುವಾಯಿತು. ಮೊದಲು ಬರೀ ತಮಾಷೆಯಾಗಿದ್ದದ್ದು ಆಮೇಲೆ ಅನುಮಾನವಾಯಿತು. ಅವರ ಮನೆಯವರು ಹೆಸರಿನ ಕಾಗುಣಿತ ಬದಲಾಯಿಸಿಕೊಂಡರು. ಮಕ್ಕಳ ಜೊತೆ ಜರ್ಮನ್ ಮಾತಾಡುವುದನ್ನು ನಿಲ್ಲಿಸಿದರು. “ನನಗೆ ಒಂದೇ ಭಾಷೆ ಬರುವುದಕ್ಕೆ ಇದು ಕಾರಣ” ಎಂದರು. ಕೋಪ ಇರಲಿಲ್ಲ. ಆದರೆ ಆ ಮಾತು ನನ್ನ ಎದೆಗೆ ನಾಟಿತು.

ಮನೆಗೆ ಬಂದು ಓದಿ ನೋಡಿದೆ. 1919ರಲ್ಲಿ ಒಹಾಯೊ ಸರ್ಕಾರ ಎಂಟನೇ ತರಗತಿಗಿಂತ ಕೆಳಗಿನ ಮಕ್ಕಳಿಗೆ ಜರ್ಮನ್ ಕಲಿಸಬಾರದು ಎಂದು ಕಾನೂನೇ ಮಾಡಿತ್ತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಕಾನೂನುಗಳು ಸಂವಿಧಾನಕ್ಕೆ ವಿರುದ್ಧ ಎಂದಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಭಾಷೆ ಹೋಗಿಯೇಬಿಟ್ಟಿತ್ತು. ನಮ್ಮ ಕೊಲಂಬಸ್‌ನಲ್ಲೇ ಜರ್ಮನ್ ವಿಲೇಜ್ ಎನ್ನುವ ಹಳೆಯ ಬಡಾವಣೆ ಇದೆ. ಇಟ್ಟಿಗೆ ಹಾಸಿದ ಬೀದಿ, ಇಟ್ಟಿಗೆಯ ಪುಟ್ಟ ಮನೆಗಳು. ಅಲ್ಲಿಯ ಷಿಲ್ಲರ್ ಪಾರ್ಕ್‌ನಲ್ಲಿ ಜರ್ಮನ್ ಕವಿ ಷಿಲ್ಲರ್‌ನ ಪ್ರತಿಮೆಯನ್ನು 1891ರಲ್ಲಿ ನಿಲ್ಲಿಸಿದ್ದರು. ಯುದ್ಧದ ಕಾಲದಲ್ಲಿ ಆ ಪಾರ್ಕಿನ ಹೆಸರನ್ನೂ ವಾಷಿಂಗ್ಟನ್ ಪಾರ್ಕ್ ಎಂದು ಬದಲಾಯಿಸಿದ್ದರಂತೆ. ಆಮೇಲೆ ಹಳೆಯ ಹೆಸರು ಮತ್ತೆ ಬಂತು. ಅದೇ ಪಾರ್ಕಿನಲ್ಲಿ ನಾನು ಎಷ್ಟು ಸಲ ಮಗಳನ್ನು ಆಡಿಸಿದ್ದೇನೆ! ಈ ಕಥೆ ಗೊತ್ತೇ ಇರಲಿಲ್ಲ.

ಅಮೆರಿಕದವರಿಗೆ ಒಂದೇ ಭಾಷೆ ಎಂದು ನಾವು ನಗುತ್ತೇವಲ್ಲ, ಅವರಲ್ಲಿ ಅನೇಕರ ಅಜ್ಜ ಅಜ್ಜಿಯರು ಬೇರೆಯವರ ನಗುವಿಗೆ ಹೆದರಿಯೇ ತಮ್ಮ ಭಾಷೆ ಬಿಟ್ಟವರು. ಐರಿಷರನ್ನು ಕುಡುಕರು ಎಂದರು, ಪೋಲಿಷರನ್ನು ದಡ್ಡರು ಎಂದರು, ಇಟಲಿಯವರನ್ನು ಗೂಂಡಾಗಳು ಎಂದರು. ಹೊಸದಾಗಿ ಬಂದವರ ಮೇಲೆ ಒಂದೊಂದು ಜೋಕು ಇದ್ದೇ ಇತ್ತು. ಈಗ ನಮ್ಮ ಸರದಿ. ಭಾರತದವರೆಲ್ಲ ಕಂಪ್ಯೂಟರ್ ಜನ, ಅವರ ಮಕ್ಕಳೆಲ್ಲ ಸ್ಪೆಲಿಂಗ್ ಸ್ಪರ್ಧೆ ಗೆಲ್ಲುವವರು, ಮಾತು ಒಂದು ತರಹ, ಊಟಕ್ಕೆ ಒಗ್ಗರಣೆ ವಾಸನೆ. ನನ್ನ ಮಗಳು ಒಂದು ದಿನ ಡಬ್ಬಿಗೆ ಚಿತ್ರಾನ್ನ ಬೇಡ ಎಂದಿದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು.

ಅರ್ಜಿಯಲ್ಲಿ ಹೆಸರು ಬರೆದೆ. ಮೊದಲ ಹೆಸರು ನನ್ನದೇ, ಒಂದು ಅಕ್ಷರವೂ ಕಡಿಮೆ ಮಾಡದೆ. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು. ಎಫ್‌ಎನ್‌ಯು ಹೋಯಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ತೀರಿಕೊಂಡು ಕೆಲವು ವರ್ಷ ಆಗಿದೆ. “ಅವರ ಹೆಸರು ಅಮೆರಿಕದ ಪಾಸ್‌ಪೋರ್ಟಿನಲ್ಲಿ ಬರತ್ತಾ? ಒಳ್ಳೇದಾಯ್ತು ಕಣೇ” ಎಂದರು.

ಅರ್ಜಿ ಕಳಿಸಿದ ಮೇಲೆ ಕಾಯುವುದು. ಈ ಕಾಯುವಿಕೆಗೆ ಇಷ್ಟು ದಿನ ಎಂದು ಹೇಳಲು ಬರುವುದಿಲ್ಲ, ಊರಿಂದ ಊರಿಗೆ ಬೇರೆ. ಸುಮ್ನೆ ದಿನಾ ಲಾಗಿನ್ ಆಗಿ ನೋಡುತ್ತಾ ಕೂರಬೇಡಿ, ಅದರಿಂದ ಮನಸ್ಸು ಹಾಳು. ಆ ಹೊತ್ತನ್ನು ಓದುವುದಕ್ಕೆ ಇಟ್ಟುಕೊಳ್ಳಿ.

ಸಂದರ್ಶನದಲ್ಲಿ ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಒಂದು ಪರೀಕ್ಷೆ ಇರುತ್ತದೆ. ನಾನು 2025ರ ಬೇಸಿಗೆಯಲ್ಲಿ ಅರ್ಜಿ ಹಾಕಿದ್ದರಿಂದ ನನಗೆ ಹಳೆಯ ಪರೀಕ್ಷೆ. ನೂರು ಪ್ರಶ್ನೆಗಳ ಪಟ್ಟಿ, ಅದರಲ್ಲಿ ಹತ್ತು ಕೇಳುತ್ತಾರೆ, ಆರು ಸರಿಯಾಗಿರಬೇಕು. 2025ರ ಅಕ್ಟೋಬರ್ 20 ಅಥವಾ ಆಮೇಲೆ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. ಪಟ್ಟಿಯಲ್ಲಿ 128 ಪ್ರಶ್ನೆ, ಕೇಳುವುದು 20, ಸರಿ ಇರಬೇಕಾದ್ದು 12. ಇದಲ್ಲದೆ ಇಂಗ್ಲಿಷಿನಲ್ಲಿ ಒಂದು ವಾಕ್ಯ ಓದಬೇಕು, ಒಂದು ಬರೆಯಬೇಕು. 50 ವರ್ಷ ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ ಇದ್ದವರಿಗೆ, 55 ದಾಟಿ 15 ವರ್ಷ ಇದ್ದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ಅವರು ದುಭಾಷಿಯ ಸಹಾಯದಿಂದ ಕನ್ನಡದಲ್ಲೇ ಉತ್ತರ ಕೊಡಬಹುದು. ಮಕ್ಕಳ ಜೊತೆ ಇರುವ ಹಿರಿಯರಿಗೆ ಇದನ್ನು ದಯವಿಟ್ಟು ಹೇಳಿ. ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಭಯಕ್ಕೆ ಅರ್ಜಿಯನ್ನೇ ಹಾಕದವರು ಇದ್ದಾರೆ.

ನಾನು ಓದುತ್ತಿರುವುದು ಗೊತ್ತಾಗಿ ಆಫೀಸಿನವರು ಊಟದ ಹೊತ್ತಿನಲ್ಲಿ ನನ್ನ ಪ್ರಶ್ನೆಯ ಚೀಟಿಗಳನ್ನು ಕಸಿದುಕೊಂಡು ತಾವೇ ಪರೀಕ್ಷೆ ಮಾಡುತ್ತಿದ್ದರು. ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ, ಅಂದರೆ ಇಲ್ಲಿಯ ಸಂಸತ್ತಿನ ಕೆಳಮನೆಯಲ್ಲಿ, ಎಷ್ಟು ಜನ ಮತ ಹಾಕುವ ಸದಸ್ಯರು? 435 ಎಂದೆ. ಮೇಜಿನ ಸುತ್ತ ಇದ್ದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಫೆಡರಲಿಸ್ಟ್ ಪೇಪರ್ಸ್ (ಅಮೆರಿಕದ ಸಂವಿಧಾನದ ಪರವಾಗಿ ಬರೆದ ಹಳೆಯ ಲೇಖನಗಳು) ಬರೆದವರಲ್ಲಿ ಒಬ್ಬರ ಹೆಸರು ಹೇಳು ಎಂದಾಗ ಮ್ಯಾಡಿಸನ್ ಎಂದೆ. ಅವರು ಚೀಟಿ ತಿರುಗಿಸಿ ನೋಡಿ ಹೌದು ಎಂದರು. ಅಮೆರಿಕದವರಿಗೆ ತಮ್ಮ ದೇಶದ ಬಗ್ಗೆಯೇ ಗೊತ್ತಿಲ್ಲ ಎನ್ನುವ ಜೋಕಿಗೆ ಇದು ಸಾಕ್ಷಿ ಎನ್ನಬಹುದು. ಆದರೆ ನಾನು ಕಂಡದ್ದು ಬೇರೆ. ಗೊತ್ತಿಲ್ಲ ಎಂದು ಹೇಳಲು ಅವರಿಗೆ ಒಂದು ಚೂರೂ ನಾಚಿಕೆ ಇಲ್ಲ. ನಾನು ಸರಿ ಹೇಳಿದಾಗ ತಮ್ಮ ಮಕ್ಕಳೇ ಗೆದ್ದ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದರು. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಯಿತು ಎಂದು ಬೆಳೆದ ನನಗೆ ಇದು ಹೊಸದು.

ಸಂದರ್ಶನದ ದಿನ ಬೇಗ ಹೋದೆ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಮಾಡುವವರು “ಹೇಗಿದ್ದೀರಿ” ಎಂದರು. ಅಮೆರಿಕದವರು ಹೇಗಿದ್ದೀರಿ ಎಂದು ಕೇಳಿ ಉತ್ತರಕ್ಕೆ ಕಾಯುವುದಿಲ್ಲ ಎನ್ನುತ್ತೇವೆ. ನಾನು ಭಯ ಆಗ್ತಿದೆ ಎಂದುಬಿಟ್ಟೆ. ಅವರು ಕೆಲಸ ನಿಲ್ಲಿಸಿ, ತಮ್ಮ ಅತ್ತಿಗೆ ಫಿಲಿಪೈನ್ಸಿನವರು ಎಂದೂ, ಅವರೂ ಇದೇ ಕಟ್ಟಡದಲ್ಲಿ ಪಾಸಾದದ್ದು ಎಂದೂ ಹೇಳಿದರು. ಅವರನ್ನು ನಾನು ಮತ್ತೆ ನೋಡುವುದಿಲ್ಲ. ಈ ದೇಶದವರ ಸ್ನೇಹ ಮೇಲುಮೇಲಿನದ್ದು ಎನ್ನುವವರಿಗೆ ನಾನು ಹೇಳುವುದು ಇಷ್ಟೇ. ಎರಡು ನಿಮಿಷದ ಪ್ರೀತಿಯೂ ಪ್ರೀತಿಯೇ. ಆವತ್ತು ನನಗೆ ಅದು ತುಂಬಾ ಬೇಕಿತ್ತು.

ಅಧಿಕಾರಿ ಮೊದಲು ಕೈ ಎತ್ತಿಸಿ ನಿಜ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಇಲ್ಲಿ ನಮ್ಮವರಿಗೆ ಎರಡು ಕಿವಿಮಾತು. ನಾವು ಹೌದು ಎನ್ನುವುದಕ್ಕೆ ತಲೆಯನ್ನು ಅತ್ತ ಇತ್ತ ಆಡಿಸುತ್ತೇವೆ. ಅದರ ಮೇಲೂ ಜೋಕುಗಳು ಎಷ್ಟೋ ಇವೆ. ಈ ಕೋಣೆಯಲ್ಲಿ ಅದರಿಂದ ಗೊಂದಲ ಆಗುತ್ತದೆ. “ಇದು ಹೌದೋ ಇಲ್ಲವೋ? ಬಾಯಿಬಿಟ್ಟು ಹೇಳಿ” ಎಂದು ನನ್ನನ್ನು ಕೇಳಿದರು. ಪ್ರತಿ ಪ್ರಶ್ನೆಗೂ ಗಟ್ಟಿಯಾಗಿ ಹೌದು ಅಥವಾ ಇಲ್ಲ ಎನ್ನಿ. ಎರಡನೆಯದು, ಕೇಳಿದ್ದಕ್ಕೆ ಮೊದಲು ಉತ್ತರ ಕೊಡಿ, ಹಿನ್ನೆಲೆ ಆಮೇಲೆ. ನಾವು ಕಥೆಯನ್ನು ಬುಡದಿಂದ ಹೇಳಿಕೊಂಡು ಬರುತ್ತೇವೆ. ಅವರಿಗೆ ಅದು ಏನನ್ನೋ ಮುಚ್ಚಿಡುವ ಹಾಗೆ ಕಾಣಬಹುದು.

ಮೊದಲ ಆರು ಪ್ರಶ್ನೆಗೂ ಸರಿ ಉತ್ತರ ಬಂತು, ಅಲ್ಲಿಗೇ ನಿಲ್ಲಿಸಿದರು. ಹೆಸರು ಬದಲಾವಣೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅಧಿಕಾರಿ ನನ್ನ ಹೊಸ ಪೂರ್ತಿ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ, ಸರಿಯಾಗಿ ಹೇಳಿದೆನಾ ಎಂದು ಕೇಳಿದರು.

ಪ್ರಮಾಣವಚನ ಫೆಡರಲ್ ಕೋರ್ಟಿನಲ್ಲಿ. ಬಾಗಿಲಲ್ಲೇ ಗ್ರೀನ್ ಕಾರ್ಡ್ ವಾಪಸ್ ಕೊಡಬೇಕು. ಒಂದೊಂದು ದೇಶದ ಹೆಸರು ಕೂಗಿದಾಗ ಆ ದೇಶದವರು ಎದ್ದು ನಿಂತರು. ಸೊಮಾಲಿಯಾ, ನೇಪಾಳ, ಮೆಕ್ಸಿಕೊ, ಘಾನಾ. ಇಂಡಿಯಾ ಎಂದಾಗ ನಾನೂ ಎದ್ದೆ. ಎಲ್ಲ ವಿದೇಶಿ ದೊರೆಗಳಿಗೂ ರಾಜ್ಯಗಳಿಗೂ ಇರುವ ನಿಷ್ಠೆಯನ್ನು ಪೂರ್ತಿ ಬಿಡುತ್ತೇನೆ ಎನ್ನುವ ಸಾಲು ಬಂದಾಗ ಗಂಟಲು ಕಟ್ಟಿತು. ಅದಕ್ಕೆ ನಾನು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ, ಆದರೂ ಕಟ್ಟಿತು. ನೀವೂ ಟಿಶ್ಯೂ ಇಟ್ಟುಕೊಂಡು ಹೋಗಿ. ಹೊರಗೆ ಸ್ವಯಂಸೇವಕರು ಮತದಾರರ ಪಟ್ಟಿಗೆ ಹೆಸರು ಸೇರಿಸುತ್ತಿದ್ದರು. ಅಲ್ಲೇ ಮುಗಿಸಿಕೊಂಡೆ. ಮರುದಿನ ಆಫೀಸಿನಲ್ಲಿ ಕೇಕು, ಬಾವುಟ, ಆಪಲ್ ಪೈ. ಜರ್ಮನ್ ಮುತ್ತಜ್ಜನ ಕಥೆ ಹೇಳಿದ್ದ ಹಿರಿಯರು ನನ್ನ ಹೆಸರನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದು, ಎಲ್ಲರ ಮುಂದೆ ತಪ್ಪಿಲ್ಲದೆ ಪೂರ್ತಿ ಹೇಳಿದರು.

ಇನ್ನು ಮುಂದಿನದು ಎಚ್ಚರವಾಗಿ ಓದಿ. ನಮ್ಮ ದೇಶದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇಲ್ಲ. ಪ್ರಮಾಣ ಮಾಡಿದ ಮೇಲೆ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡುವಂತಿಲ್ಲ. ಗ್ರೀನ್ ಕಾರ್ಡೂ ಕೈಯಲ್ಲಿ ಇರುವುದಿಲ್ಲ. ಮೊದಲು ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿ. ಅದಕ್ಕೆ 130 ಡಾಲರ್, ಅರ್ಜಿ ಸ್ವೀಕರಿಸುವವರಿಗೆ 35. ಆಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತದ ಪೌರತ್ವ ಬಿಟ್ಟಿದ್ದೇವೆ ಎನ್ನುವ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಅದಾದ ಮೇಲೆ ಓಸಿಐ, ಅದಕ್ಕೆ 275 ಡಾಲರ್. ಈ ನಡುವಿನ ತಿಂಗಳುಗಳಲ್ಲಿ ಊರಿನ ಮದುವೆ ಗೃಹಪ್ರವೇಶ ಎಂದು ಟಿಕೆಟ್ ಮಾಡಿಸಬೇಡಿ.

ನನಗೆ ಇಲ್ಲಿ ಹೆಸರಿನಿಂದ ತೊಡಕಾಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು. ಅರ್ಜಿ ಪರಿಶೀಲಿಸುವವರು ಹೊಂದುತ್ತಿಲ್ಲ ಎಂದು ತಡೆಹಿಡಿದರು. ಕೋರ್ಟಿನ ಹೆಸರು ಬದಲಾವಣೆಯ ಕಾಗದದ ದೃಢೀಕರಿಸಿದ ಪ್ರತಿ ಕಳಿಸಿದ ಮೇಲೆ ಮುಂದೆ ಹೋಯಿತು. ಹೆಸರು ಬದಲಾಯಿಸುವವರು ಆ ಪ್ರತಿಗಳನ್ನು ಮೊದಲೇ ಒಂದೆರಡು ಜಾಸ್ತಿ ತೆಗೆದಿಟ್ಟುಕೊಳ್ಳಿ. ಸೋಷಿಯಲ್ ಸೆಕ್ಯುರಿಟಿ, ಬ್ಯಾಂಕು, ಲೈಸೆನ್ಸು ಎಲ್ಲದಕ್ಕೂ ಅದೇ ಬೇಕು.

ಓಸಿಐ ಇದ್ದರೆ ಊರಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಮತ ಹಾಕುವಂತಿಲ್ಲ. ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ಪಾಲಾಗಿ ಬರುವುದಕ್ಕೆ ಅಡ್ಡಿ ಇಲ್ಲ. ಅಮ್ಮನಿಗೆ ಈ ವಿಷಯದಲ್ಲಿ ಇದ್ದ ಚಿಂತೆ ಹೋಯಿತು. ಗ್ರೀನ್ ಕಾರ್ಡ್ ಇದ್ದು ನಿಮ್ಮ ಜೊತೆಯಲ್ಲೇ ಇರುವ 18ರೊಳಗಿನ ಮಕ್ಕಳು, ನೀವು ಪ್ರಜೆಯಾದ ದಿನವೇ ತಾವಾಗಿ ಇಲ್ಲಿಯ ಪ್ರಜೆಗಳಾಗುತ್ತಾರೆ. ಹಾಗಾಗಿ ಅವರ ಭಾರತದ ಪಾಸ್‌ಪೋರ್ಟನ್ನೂ ಒಪ್ಪಿಸಬೇಕು. ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ.

ಮಗಳ ಶಾಲೆಗೆ ರಜಾ ಸಿಕ್ಕಿದ ತಕ್ಷಣ ಹಾಸನಕ್ಕೆ ಹೊರಡುತ್ತಿದ್ದೇವೆ. ಅವಳನ್ನು ಭಾನುವಾರದ ಕನ್ನಡ ಕ್ಲಾಸಿಗೆ ಮತ್ತೆ ಸೇರಿಸಿದ್ದೇನೆ, ಅಜ್ಜಿಯ ಹತ್ತಿರ ಓದಿ ತೋರಿಸಬೇಕು ಎಂದು ಅವಳೇ ಪುಸ್ತಕ ಆರಿಸಿಟ್ಟಿದ್ದಾಳೆ. ನೀವು ಹೊರಡುವಾಗ ಪಾಸ್‌ಪೋರ್ಟ್, ಓಸಿಐ, ಹೆಸರು ಬದಲಾವಣೆಯ ಪ್ರತಿ, ಈ ಮೂರನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ. ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.